ಕಾಕುವಿನ ಅಂಗಾಲು

ಅನಗೋಳದ ನಮ್ಮ ಓಣಿಯ ತುದಿಗೆ ಒಂದು ಹಿಟ್ಟಿನ ಗಿರಣಿ ಇದೆ. ಜೋಳ, ಗೋಧಿ ಬೀಸುವ ದಿನ ಅದರ ಮುಂದೆ ಹಾಯ್ದು ಹೋದರೆ ಏನೂ ಅನ್ನಿಸುವುದಿಲ್ಲ. ಬೇಸಿಗೆಯ ಶುರುವಿಗೆ ಮಾತ್ರ ಯಾರಾದರೂ ಅರಿಷಿಣದ ಕೊಂಬು ತಂದು ಬೀಸಿಸುತ್ತಾರೆ. ಆ ದಿನ ಓಣಿಯ ತುಂಬ ಅರಿಷಿಣದ ಘಾಟು... ಮೊನ್ನೆ ಆಫೀಸಿನಿಂದ ಬರುವಾಗ ಆ ವಾಸನೆ ಮೂಗಿಗೆ ಬಡಿಯಿತು. ಉಳಿದವರಿಗೆ ಮದುವೆ ಮನೆ ನೆನಪಾಗುತ್ತದೆಯೋ ಏನೋ. ನನಗೆ ಹಾಗಲ್ಲ. ಮೂಗಿಗೆ ಸೆರಗು ಹಿಡಿದುಕೊಂಡು ಸರಸರ ಮನೆಗೆ ಬಂದೆ.

ನನಗೆ ನೆನಪಾದದ್ದು ಕಾಕು. ನಮ್ಮ ಬಾಜೂ ಮನೆಯವರು. ಕಾಕು ಅಂದರೆ ಚಿಕ್ಕಮ್ಮ, ಆದರೆ ರಕ್ತಸಂಬಂಧ ಏನೂ ಇಲ್ಲ; ಒಂದೇ ಗೋಡೆ, ಆಚೆ ಅವರು, ಈಚೆ ನಾವು. ನಾನು ಮದುವೆಯಾಗಿ ಈ ಓಣಿಗೆ ಬಂದಾಗ ಮೊದಲು ಕರೆದು ಚಹಾ ಕುಡಿಸಿದವರು ಅವರು. ಮೊದಲು ಜಗಳ ತೆಗೆದವರೂ ಅವರೇ, ನಾನು ಬಟ್ಟೆ ಝಾಡಿಸಿದ ನೀರು ಅವರ ತುಳಸಿಕಟ್ಟೆಗೆ ಸಿಡಿಯಿತು ಅಂತ. ತವರು ಖಾನಾಪುರದ ಆಚೆ ಗುಂಜಿ. ಸಿಟ್ಟು ಬಂದರೆ ಮರಾಠಿ, ಅಂತಃಕರಣ ಬಂದರೆ ಕನ್ನಡ, ಎರಡೂ ಒಟ್ಟಿಗೆ ಬಂದರೆ ದೇವರೇ ಕಾಪಾಡಬೇಕು. ಅವರ ಗಂಡ, ನಮ್ಮ ಕಾಕಾ, ಮಾತಿನ ಕೆಲಸವನ್ನೆಲ್ಲ ಹೆಂಡತಿಗೇ ಬಿಟ್ಟುಕೊಟ್ಟು ಸುಮ್ಮನೆ ಬೀಡಿ ಸೇದುತ್ತ ಕೂತಿರುತ್ತಿದ್ದರು.

ಕಾಕು ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದರು. ಕಾಲಿನಿಂದ ತುಳಿಯುವ ಹಳೆಯ ಮಷೀನು. ಕಾಲ ಬದಲಾಗಿದೆ, ಮೋಟಾರು ಹಚ್ಚಿಸಿಕೊಳ್ಳಿ ಅಂತ ಎಷ್ಟು ಮಂದಿ ಹೇಳಿದರೂ ಕೇಳಲಿಲ್ಲ. "ಮೋಟರ್ ತನ್ನ ಮನಸಿಲೆ ಓಡತೈತಿ ತಂಗಿ, ಕಾಲು ನನ್ನ ಮನಸಿಲೆ ಓಡತಾವ" ಅನ್ನುತ್ತಿದ್ದರು. ಚಪ್ಪಲಿ ಬಿಟ್ಟು ಬರಿಗಾಲಲ್ಲೇ ತುಳಿಯಬೇಕು, ಇಲ್ಲದಿದ್ದರೆ ತೋಳಿನ ತಿರುವು ಸರಿಯಾಗಿ ಕೂಡುವುದಿಲ್ಲವಂತೆ. ನೆಲಕ್ಕೆ ಸೂಜಿ ಬಿದ್ದರೆ ಅವರು ಬಗ್ಗಿ ಹುಡುಕುತ್ತಿರಲಿಲ್ಲ. ಅಂಗಾಲನ್ನು ಫರಸಿಯ ಮೇಲೆ ಮೆಲ್ಲಗೆ ಸರಿಸಿ, "ಸಿಕ್ಕಳ ನೋಡು ಕಳ್ಳಿ" ಅಂತ ಬೆರಳಿನ ಸಂದಿಯಲ್ಲಿ ಹಿಡಿದು ಎತ್ತುತ್ತಿದ್ದರು. ನಾನು ಅದನ್ನು ನೋಡಲೆಂದೇ ಎಷ್ಟೋ ಸಲ ಅವರ ಬಾಗಿಲಲ್ಲಿ ನಿಂತದ್ದುಂಟು.

ಆ ಕಾಲುಗಳಿಗೇ ಉರಿ ಹತ್ತಿತ್ತು. ಸಕ್ಕರೆ ಕಾಯಿಲೆ ಅವರಿಗೆ ವರ್ಷಗಟ್ಟಲೆಯಿಂದ ಇತ್ತು. ಆಮೇಲೆ ಅಂಗಾಲಿನಲ್ಲಿ ಉರಿ ಶುರುವಾಯಿತು. ಮೆಣಸಿನಕಾಯಿ ಅರೆದು ಮೆತ್ತಿದಂಗ ಆಕ್ಕೈತಿ ಅನ್ನುತ್ತಿದ್ದರು. ಹೊಲಿಯುತ್ತ ಹೊಲಿಯುತ್ತ ಎದ್ದು ಹೋಗಿ ನೀರಿನ ತೊಟ್ಟಿಯ ಕಲ್ಲಿನ ಮೇಲೆ ಪಾದ ಊರಿ ನಿಲ್ಲುತ್ತಿದ್ದರು. ದವಾಖಾನೆಯ ಡಾಕ್ಟರ್ ಬಾಯಿ (ಲೇಡಿ ಡಾಕ್ಟರಿಗೆ ನಾವು ಹಾಗೇ ಅನ್ನುವುದು) ಕೊಟ್ಟ ಗುಳಿಗೆಯಿಂದ ಉರಿಯೇನೋ ಕಡಿಮೆಯಾಗುತ್ತಿತ್ತು, ಆದರೆ ಮಷೀನಿನ ಮುಂದೆಯೇ ತೂಕಡಿಕೆ ಬರುತ್ತಿತ್ತು. ಒಮ್ಮೆ ಯಾವಳೋ ಮದುಮಗಳ ಬ್ಲೌಸಿಗೆ ಹೊಲಿಗೆ ಸೊಟ್ಟ ಬಿತ್ತು. ಕಾಕು ಅವತ್ತು ಊಟ ಮಾಡಲಿಲ್ಲ. ಈ ಕಾಲು ಕೈಕೊಟ್ಟರೆ ತಾನು ಯಾರಿಗೂ ಬೇಡದವಳಾಗುತ್ತೇನೆ ಅನ್ನುವ ಹೆದರಿಕೆ ಅವರ ಮುಖದಲ್ಲಿ ನಾನು ಮೊದಲ ಸಲ ಕಂಡದ್ದು ಆಗ.

ಅಂಥ ಹೊತ್ತಿಗೆ ಪೀರನವಾಡಿಯ ಸರ್ ಸುದ್ದಿ ಬಂತು. ಅವರು ರಿಟೈರ್ ಆದ ಪಿ.ಟಿ. ಮಾಸ್ತರರು. ಮುಂಜಾನೆ ಪೀರನವಾಡಿಯ ಕೆಂಪು ಮಣ್ಣಿನ ಮೈದಾನದಲ್ಲಿ ಮಂದಿಯನ್ನು ಬರಿಗಾಲಲ್ಲಿ ನಡೆಸುತ್ತಿದ್ದರು. ನಮ್ಮ ಮೈಯಲ್ಲಿ ಕರೆಂಟು ತುಂಬಿಕೊಂಡಿರುತ್ತದೆ, ರಬ್ಬರ್ ಚಪ್ಪಲಿ ಅದನ್ನು ಇಳಿಯಲು ಬಿಡುವುದಿಲ್ಲ, ಮನೆಗೆ ಅರ್ಥಿಂಗ್ ಬೇಕಾದಂತೆ ಮೈಗೂ ಬೇಕು. ಇದು ಅವರ ಪಾಠ. ನಿದ್ದೆ ಬರುತ್ತದೆ, ನೋವು ಇಳಿಯುತ್ತದೆ, ಬಿ.ಪಿ. ಇಳಿಯುತ್ತದೆ, ಉರಿ ಇಳಿಯುತ್ತದೆ... ಒಟ್ಟಿನಲ್ಲಿ ಎಲ್ಲ ಇಳಿಯುತ್ತದೆ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ ಪುಣ್ಯಾತ್ಮ. ತಾನು ನಂಬಿದ್ದನ್ನೇ ಹೇಳುತ್ತಿದ್ದರು.

ನಾನು ಬರುವುದಿಲ್ಲ ಅಂದೆ. "ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು? ನಡಿ, ಏಳು" ಅಂತ ಕಾಕು ಎಳೆದುಕೊಂಡೇ ಹೋದರು. ಖರೇ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ತಂಪು ಮಣ್ಣು, ತಂಪು ಗಾಳಿ, ಹೆಂಗಸರ ಹರಟೆ. ನನಗೂ ಸುಖವಾಗಿ ನಿದ್ದೆ ಬರತೊಡಗಿತು. ಅದು ಭೂಮಿಯ ಗುಣವೋ ನಡಿಗೆಯ ಗುಣವೋ ನನಗೆ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಕಾಕುವಿಗೆ ಮಾತ್ರ ಅನುಮಾನವೇ ಇರಲಿಲ್ಲ. ಉರಿಯ ಗುಳಿಗೆ, ಸಕ್ಕರೆಯ ಗುಳಿಗೆ, ಎರಡರ ಚೀಟಿಗಳೂ ಕಪಾಟಿನ ಮೂಲೆಗೆ ಸೇರಿದವು.

ಮಳೆಗಾಲದಲ್ಲಿ ಅವರ ತವರಿನಲ್ಲಿ ಭತ್ತದ ನಾಟಿ. ಕಾಕು ನನ್ನನ್ನೂ ರೈಲಿನಲ್ಲಿ ಗುಂಜಿಗೆ ಕರೆದುಕೊಂಡು ಹೋದರು. ಅಡವಿಯ ಅಂಚಿಗೇ ಅವರ ಅಣ್ಣನ ಗದ್ದೆ. ಕೆಸರಿಗಿಂತ ಒಳ್ಳೆಯ ಅರ್ಥಿಂಗ್ ಎಲ್ಲಿದೆ ಅಂತ ಮೊಣಕಾಲ ತನಕ ಇಳಿದರು. ಇಳಿದವರು ಏಳಲೊಲ್ಲರು. ಕೊನೆಗೆ ಬದುವಿನ ಮೇಲೆ ಹತ್ತಿ ನನ್ನ ಮುಂದೆ ನಡೆಯುತ್ತಿದ್ದಾಗ ನೋಡುತ್ತೇನೆ, ಅವರ ಬಲಗಾಲಿನ ಕಿರುಬೆರಳಿಗೆ ಒಂದು ಗದ್ದೆ ಏಡಿ ಕಚ್ಚಿಕೊಂಡು ಜೋತಾಡುತ್ತಿದೆ. ಕಾಕು ಮಾತಾಡುತ್ತ ನಡೆದೇ ಇದ್ದಾರೆ. ನಾನು ಕಿಟಾರನೆ ಕಿರುಚಿದೆ. ಅವರು ತಿರುಗಿ ನನ್ನ ಮುಖ ನೋಡಿದರು, ಆಮೇಲೆ ಕಾಲು ನೋಡಿದರು. "ಅಯ್ಯ, ಇದ್ಯಾವಾಗ ಬಂತ?" ಅಂತ ಕಿತ್ತು ಒಗೆದರು. ಬೆರಳಿನಿಂದ ರಕ್ತ ಬರುತ್ತಿತ್ತು. ಗದ್ದೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಆದರೆ ರೈಲಿನಲ್ಲಿ ಮರಳಿ ಬರುವಾಗ ನನಗೆ ಆ ಏಡಿಯೇ ಕಣ್ಣ ಮುಂದೆ ಬರುತ್ತಿತ್ತು.

ಊರಿಗೆ ಬಂದ ಮೇಲೆ ಒಂದು ಮುಂಜಾನೆ ಕಾಕು ಗೋಡೆಯ ಆಚೆಯಿಂದ ಕೂಗಿದರು. "ತಂಗೀ, ಉರಿ ಹೋತು! ಪೂರಾ ಹೋತವಾ!" ಹೋಗಿ ನೋಡಿದರೆ ಅವರು ಅಂಗಳದಲ್ಲಿ ನಿಂತು ಅಳುತ್ತಿದ್ದರು, ಖುಷಿಯಿಂದ. ಓಣಿಗೆಲ್ಲ ಶಿರಾ ಹಂಚಿದರು. ಪೀರನವಾಡಿಯ ಸರ್ ಅವರನ್ನು ಎಲ್ಲರ ಮುಂದೆ ನಿಲ್ಲಿಸಿ ಮಾತಾಡಿಸಿದರು. ಕಾಕು ಮೈದಾನದ ನಡುವೆ ನಿಂತು, ಡಾಕ್ಟರಿಗೆ ಆಗದ್ದನ್ನು ಭೂಮಿತಾಯಿ ಮಾಡಿದಳು ಅಂತ ಎದೆ ತಟ್ಟಿ ಹೇಳಿದರು. ಕೆಲವರು ಅವತ್ತೇ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದರು.

ನಾನು ಸುಮ್ಮನಿರುವ ಪೈಕಿ ಅಲ್ಲ. ಒಮ್ಮೆ ಡಾಕ್ಟರ್ ಬಾಯಿಗೆ ತೋರಿಸಿಕೊಂಡು ಬನ್ನಿ ಅಂದೆ. "ಉರಿ ಇದ್ದಾಗ ತೋರಿಸಿದ್ನೆಲ್ಲ, ಈಗ ಏನ ತೋರಿಸ್ಲಿ? ಬರೇ ಪಾದ ತೋರಿಸಿ ಬರ್ಲೇನು?" ಅಂತ ನನ್ನ ಬಾಯಿ ಮುಚ್ಚಿಸಿದರು. ಕಾಕಾನಿಗೆ ಹೇಳಿದೆ. ಅವರು ಬೀಡಿಯ ಹೊಗೆ ಬಿಟ್ಟು, ಅಕಿ ನಿದ್ದಿ ಮಾಡಾಕತ್ಯಾಳ, ಮಾಡ್ಲಿ ಬಿಡವಾ ಅಂದರು. ಎಷ್ಟೋ ವರ್ಷದ ಮೇಲೆ ಆ ಮನೆಯಲ್ಲಿ ಎಲ್ಲರೂ ನಿದ್ದೆ ಮಾಡುತ್ತಿದ್ದರು.

ಆಮೇಲಿನವು ಸಣ್ಣ ಸಣ್ಣ ಸಂಗತಿಗಳು. ಆಗ ಒಂದಕ್ಕೊಂದು ಕೂಡಿಸಿ ನೋಡಿದವರಿಲ್ಲ... ಒಮ್ಮೆ ಸಂತೆಯಿಂದ ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಮನೆಗೆ ಬಂದರು. ಇನ್ನೊಂದು ಎಲ್ಲಿ ಬಿತ್ತೋ ಗೊತ್ತಾಗಿರಲಿಲ್ಲ. "ಭೂಮಿತಾಯಿ ಕಸಗೊಂಡಳು, ಒಂದ ಸಾಕಾತು ಆಕಿಗೆ" ಅಂತ ನಗೆಯಾಡಿದರು. ಮಳೆ ಬಿಟ್ಟು ಬಿಸಿಲು ಬಿದ್ದ ಮಧ್ಯಾಹ್ನ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಾವೆಲ್ಲ ಕುಣಿಯುತ್ತ ಓಡಿದರೆ ಅವರು ನಿಧಾನಕ್ಕೆ ನಡೆದು ಬರುತ್ತಿದ್ದರು. ಓಣಿಯವರು ತಪಸ್ಸು ಅಂದರು. ಹೊಲಿಗೆ ಮತ್ತೆ ಸೊಟ್ಟ ಬೀಳತೊಡಗಿತ್ತು. ಬಟ್ಟೆಯನ್ನು ನೋಡಬೇಕಾದವರು ನಡುನಡುವೆ ಬಗ್ಗಿ ಮಷೀನಿನ ಕೆಳಗೆ ನೋಡುತ್ತಿದ್ದರು. ಏನು ನೋಡುತ್ತೀರಿ ಅಂದರೆ, "ಕಾಲು ಅಲ್ಲೇ ಅದಾವೋ ಇಲ್ಲೋ ನೋಡ್ತೇನಿ" ಅಂದು ನಕ್ಕರು. ನನಗೆ ನಗು ಬರಲಿಲ್ಲ. ನೆಲಕ್ಕೆ ಬಿದ್ದ ಸೂಜಿಯನ್ನು ಹುಡುಕಿ ಕೊಡಲು ಈಗ ನನ್ನನ್ನು ಕರೆಯುತ್ತಿದ್ದರು. ಕಣ್ಣು ಮಂಜಾಗಿವೆ, ಅದಕ್ಕೆ ಅಂತ ಹೇಳುತ್ತಿದ್ದರು.

ನವರಾತ್ರಿ ಬಂತು. ನಮ್ಮ ಕಡೆ ಬಹಳ ಮಂದಿ ಆ ಒಂಬತ್ತು ದಿನ ಚಪ್ಪಲಿ ಮೆಟ್ಟುವುದಿಲ್ಲ, ದೇವಿಯ ನೇಮ. ಉರಿ ಕಳೆದ ದೇವಿಗೆ ಕಾಕು ಹರಕೆ ಹೊತ್ತಿದ್ದರು; ಮನೆಯಿಂದ ಗುಡಿಗೆ, ಗುಡಿಯಿಂದ ಮನೆಗೆ, ದಿನಾ ಬರಿಗಾಲು. ಬಂದ ಮೇಲೆ ಕಾಲು ತೊಳೆದು ಎರಡೂ ಪಾದಕ್ಕೆ ಗಟ್ಟಿಯಾಗಿ ಅರಿಷಿಣ ಮೆತ್ತಿಕೊಳ್ಳುತ್ತಿದ್ದರು. ಮುತ್ತೈದೆಯರ ಪದ್ಧತಿಯೇ ಅದು, ಯಾರು ಏನು ಅನ್ನುತ್ತಾರೆ? ಆ ಹಳದಿಯ ಕೆಳಗೆ ಚರ್ಮದ ಬಣ್ಣ ಏನಾಗಿದೆ ಅಂತ ಯಾರಿಗೂ ಕಾಣುವಂತಿರಲಿಲ್ಲ.

ದಸರೆಯ ದಿನ ಸಂಜೆ ಬನ್ನಿ ಕೊಡಲು ಓಣಿಯವರೆಲ್ಲ ಮನೆ ಮನೆಗೆ ಹೊರಟೆವು. ಕಾಕು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಹಸಿರು ಇಳಕಲ್ ಸೀರೆ, ಹಳದಿ ಪಾದ. ಮುಖ ಮಾತ್ರ ಜ್ವರ ಬಂದವರ ಹಾಗೆ ಕೆಂಪಾಗಿತ್ತು. ನೇಮ ಮುಗಿಸಿದ ಹಿರಿಯಳು ಅಂತ ಆ ವರ್ಷ ಎಲ್ಲರೂ ಪಾದ ಮುಟ್ಟಿಯೇ ನಮಸ್ಕಾರ ಮಾಡಿದರು. "ಬನ್ನಿ ತೊಗೊಂಡು ಬಂಗಾರದಾಂಗ ಇರೂಣು" ಅನ್ನುವುದು, ಬಗ್ಗುವುದು, ಪಾದದ ಮೇಲ್ಭಾಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ಹಿರಿಯರ ಪಾದವನ್ನು ನಾವು ಮೇಲಿನಿಂದ ಮುಟ್ಟುತ್ತೇವೆ. ಅಂಗಾಲನ್ನು ಯಾರು ನೋಡುತ್ತಾರೆ? ಹಿರಿಯರೂ ಅಂಗಾಲು ಯಾರಿಗೂ ತೋರಿಸುವುದಿಲ್ಲ. ಹಾಗೆ ಇಡೀ ಓಣಿ ಆ ಕಾಲಿಗೆ ಬಿದ್ದು ಎದ್ದು ಹೋಯಿತು.

ನನ್ನ ಪಾಳಿ ಬಂತು. ತಲೆ ಬಗ್ಗಿಸಿದೆ. ಅರಿಷಿಣದ ವಾಸನೆ... ಅದರ ಕೆಳಗೆ ಇನ್ನೊಂದು ವಾಸನೆ. ಅಟ್ಟದ ಮೇಲೆ ಇಲಿ ಸತ್ತಾಗ ಬರುತ್ತದಲ್ಲ, ಅದು. ಬಲಗಾಲಿನ ಕೆಳಗೆ ಫರಸಿ ಒದ್ದೆಯಾಗಿತ್ತು. "ಕಾಕು, ಕಾಲು ಎತ್ತರಿ" ಅಂದೆ. "ಹುಚ್ಚಿ ಅದಿಯೇನ? ಹಬ್ಬದ ದಿನ ಯಾರಿಗರ ಅಂಗಾಲು ತೋರಸ್ತಾರೇನು?" ಅಂತ ಬೈದರು. ನಾನು ಕೇಳಲಿಲ್ಲ, ಹಿಮ್ಮಡ ಹಿಡಿದು ಎತ್ತಿಬಿಟ್ಟೆ. ಹೆಬ್ಬೆರಳಿನ ಬುಡದಲ್ಲಿ ಒಂದು ಕಪ್ಪು ತೂತು. ಸುತ್ತ ಬೆಳ್ಳಗೆ ಬೆಂದ ಚರ್ಮ. ತೂತಿನೊಳಗೆ ಏನೋ ಮಿಣುಕಿತು. ಮಷೀನಿನ ಮುರಿದ ಸೂಜಿ, ಅರ್ಧ.

ಕಾಕು ಬಗ್ಗಿ ನೋಡಿದರು. ಬೇರೆ ಯಾರದೋ ಕಾಲು ನೋಡಿದ ಹಾಗೆ ನೋಡಿದರು. "ಯಾವಾಗ ಹೊಕ್ಕಿತವಾ ಇದು?" ಅಂತ ನನ್ನನ್ನೇ ಕೇಳಿದರು. ಆ ದನಿ ನನಗೆ ಇವತ್ತಿಗೂ ಕೇಳಿಸುತ್ತದೆ. ಅವರ ಮಡಿಲಲ್ಲಿದ್ದ ಬನ್ನಿ ಎಲೆಗಳೆಲ್ಲ ನೆಲಕ್ಕೆ ಬಿದ್ದವು. ಕಾಕಾ ರಿಕ್ಷಾ ತರಲು ಓಡಿದರು.

ಡಾಕ್ಟರ್ ಬಾಯಿ ಕಾಲು ತಿರುಗಿಸಿ ನೋಡಿದರು. ಆಮೇಲೆ ಹೊರಗೆ ಕರೆದು ನನಗೂ ಕಾಕಾನಿಗೂ ಹೇಳಿದರು. "ಉರಿ ಹೋಗಿದ್ದಲ್ಲರೀ ಅದು. ಉರಿ ಐತಿ ಅಂತ ಹೇಳೂ ನರಾನ ಸತ್ತು ಹೋದ್ವು. ಬೊಗಳೂ ನಾಯಿ ಸುಮ್ಮನಾತಂದ್ರ ಕಳ್ಳ ಹೋದ ಅಂತ ತಿಳಕೊಬಾರದು." ಉರಿ ಇದ್ದಷ್ಟು ದಿನ ಕಾಲಿನಲ್ಲಿ ಇನ್ನೂ ಜೀವ ಇತ್ತು ಅಂತ ಅರ್ಥ. ನಾವು ಶಿರಾ ಹಂಚಿದ್ದು, ತಿಂದದ್ದು, ಆ ಜೀವ ಹೋದದ್ದಕ್ಕೆ. ಮಣ್ಣಿನಲ್ಲಿ ನಡೆಯದೇ ಇದ್ದಿದ್ದರೂ ನರ ಸಾಯುತ್ತಿತ್ತು, ಆದರೆ ಚಪ್ಪಲಿ ಇದ್ದಿದ್ದರೆ, ದಿನಾ ಪಾದ ತಿರುಗಿಸಿ ನೋಡಿಕೊಂಡಿದ್ದರೆ, ಗುಳಿಗೆ ಬಿಡದಿದ್ದರೆ... ಅನ್ನುತ್ತ ಅವರು ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟರು.

ದೊಡ್ಡ ದವಾಖಾನೆಯಲ್ಲಿ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದರು. ಮಷೀನು ತುಳಿಯುವ ಕಾಲೇ ಅದು. ಗುಂಜಿಯ ಅಣ್ಣ ಬಂದು, ದವಾಖಾನೆಯವರಿಗೆ ಕೈಮುಗಿದು ಕೇಳಿ, ಅದನ್ನು ಬಿಳಿ ಅರಿವೆಯಲ್ಲಿ ಸುತ್ತಿಕೊಂಡು ಹೋದರು. ಗದ್ದೆಯ ಬದುವಿನ ಬದಿಗೆ ಉಪ್ಪು ಹಾಕಿ ಹುಗಿದರಂತೆ. ಇದನ್ನು ಕಾಕುವಿಗೆ ಯಾರೂ ಹೇಳಬಾರದು ಅಂತ ಮಾತಾಗಿತ್ತು. ಅವರು ತಾವೇ ಕೇಳಿ ತಿಳಿದುಕೊಂಡರು. "ಚಪ್ಪಲಿ ಹಾಕಿದ್ರೇನು ಅದಕ್ಕ?" ಅಂದರು. ಕಾಕಾ ಎದ್ದು ಹೊರಗೆ ಹೋದರು. ನಾನು ಆ ಮನುಷ್ಯ ಅತ್ತದ್ದನ್ನು ನೋಡಿದ್ದು ಅದೊಂದೇ ಸಲ.

ಮನೆಗೆ ಬಂದ ಮೇಲೆ ಕಾಕು ಮಷೀನಿನ ಕಡೆ ಬೆನ್ನು ಮಾಡಿ ಕೂರುತ್ತಿದ್ದರು. ಛಳಿ ಶುರುವಾಗಿತ್ತು. ಒಂದು ದಿನ ನಾನು ರೊಟ್ಟಿ ಕೊಡಲು ಹೋದಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ತಂಗಿ, ಯಾರಿಗೂ ಹೇಳಬ್ಯಾಡ. ಆ ಕಾಲು ಉರ್ಯಾಕತ್ತೈತಿ" ಅಂದರು. ಯಾವ ಕಾಲು ಅಂದೆ. ಇಲ್ಲದ ಕಡೆಗೆ ಬೆರಳು ಮಾಡಿ ತೋರಿಸಿದರು. ಹಾಸಿಗೆಯ ಮೇಲೆ ಸೀರೆ ಚಪ್ಪಟೆಯಾಗಿ ಬಿದ್ದಿತ್ತು. ಅದೇ ಉರಿ, ಮೆಣಸಿನಕಾಯಿ ಮೆತ್ತಿದಂಥ ಉರಿ, ಅಂಗಾಲಿನಲ್ಲಿ, ಬೆರಳ ಸಂದಿಯಲ್ಲಿ. ನೀರು ಹಾಕಬೇಕೆಂದರೆ ಎಲ್ಲಿಗೆ ಹಾಕುವುದು? ಕತ್ತರಿಸಿದವರಿಗೆ ಹೀಗಾಗುವುದುಂಟು ಅಂತ ಡಾಕ್ಟರ್ ಬಾಯಿ ಆಮೇಲೆ ಹೇಳಿದರು. ಅವತ್ತು ನನಗೆ ಗೊತ್ತಿರಲಿಲ್ಲ. "ಕೆಟ್ಟ ಮ್ಯಾಲೆ ಬುದ್ಧಿ ಬಂತು, ಅಟ್ಟ ಮ್ಯಾಲೆ ಒಲಿ ಉರೀತು ಅಂತಾರಲ್ಲ, ನನಗ ಮಾಡಿ ಇಟ್ಟ ಮಾತು ಅದು" ಅಂದು ಕಾಕು ಗೋಡೆಯ ಕಡೆ ಹೊರಳಿದರು.

ಮುಂದಿನ ಬೇಸಿಗೆ ಅವರು ನೋಡಲಿಲ್ಲ. ಇನ್ನೊಂದು ಕಾಲಿಗೂ ಹುಣ್ಣಾಯಿತು, ಮೂತ್ರಪಿಂಡಗಳು ಕೆಟ್ಟವು, ಒಂದು ಮಧ್ಯಾಹ್ನ ಉಸಿರು ನಿಂತಿತು. ಪೀರನವಾಡಿಯ ಸರ್ ಮಣ್ಣಿಗೆ ಬಂದಿದ್ದರು. ಅವರ ಮುಖ ನೋಡಿದ್ದೇ ನನ್ನ ಬಾಯಿ ನಿಲ್ಲಲಿಲ್ಲ, ನಿಮ್ಮ ಅರ್ಥಿಂಗಿಗೆ ಬೆಂಕಿ ಬೀಳಲಿ ಅಂತ ಎಲ್ಲರೆದುರು ಬೈದೆ. "ನಾ ಛಲೋದ ಆಗ್ಲಿ ಅಂತ ಹೇಳಿದ್ನೆರೀ ಬಾಯಿ..." ಅಂದು ಅವರು ಕಣ್ಣು ಒರೆಸಿಕೊಂಡರು. ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ನನಗೆ ಇನ್ನೂ ಭಯವಾಯಿತು. ಮೋಸ ಮಾಡುವವರನ್ನು ಬೈದು ಓಡಿಸಬಹುದು, ಒಳ್ಳೆಯವರನ್ನು ಎಲ್ಲಿಗೆ ಅಂತ ಓಡಿಸುವುದು?

ವರ್ಷಗಳಾದವು. ಗೋಡೆಯ ಆಚೆ ಮಷೀನಿನ ಸದ್ದಿಲ್ಲ. ನನ್ನ ಬ್ಲೌಸನ್ನು ಈಗ ಯಾರು ಹೊಲಿದರೂ ತೋಳು ಬಿಗಿಯುತ್ತದೆ, ಯಾರ ಹತ್ತಿರ ಜಗಳ ತೆಗೆಯಲಿ? ತುಳಸಿಕಟ್ಟೆಗೆ ನೀರು ಸಿಡಿದರೆ ಕೇಳುವವರಿಲ್ಲ. ಒಮ್ಮೊಮ್ಮೆ ಬೇಕಂತಲೇ ಬಟ್ಟೆ ಜೋರಾಗಿ ಝಾಡಿಸುತ್ತೇನೆ. ಆ ಕಡೆಯಿಂದ ಮರಾಠಿ ಬೈಗುಳ ಬರುವುದಿಲ್ಲ.

ಕಾಕಾ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಅದರಲ್ಲಿರುವವಳು ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವ ಹೆಂಗಸು. ನನಗಿಂತ ಬಹಳ ಚಿಕ್ಕವಳು, ನಗುಮುಖದವಳು. ಅವಳಿಗೂ ಶುಗರ್ ಇದೆ. ಮೈದಾನದ ನಡಿಗೆ ಇನ್ನೂ ನಡೆದಿದೆ, ಅವಳೂ ಹೋಗುತ್ತಾಳೆ. ಇವತ್ತು ಮುಂಜಾನೆ ನಾನು ರಂಗೋಲಿ ಹಾಕುತ್ತಿದ್ದಾಗ ಕೆಂಪು ಧೂಳಿನ ಕಾಲಲ್ಲಿ ಬಂದು ನಿಂತಳು. "ಅಕ್ಕಾರ, ಕಾಲುರಿ ಅಂತಿದ್ನೆಲ್ರೀ, ಪೂರಾ ಹೋತು ನೋಡ್ರಿ!" ಅಂದಳು.

ರಂಗೋಲಿಯ ಡಬ್ಬಿ ಕೈಯಿಂದ ಬಿತ್ತು. ನಾನು ಓಣಿಯಲ್ಲೇ ಮೊಣಕಾಲೂರಿ ಅವಳ ಹಿಮ್ಮಡ ಹಿಡಿದೆ. "ಅಯ್ಯ ಅಕ್ಕಾರ, ದೊಡ್ಡಾವ್ರು ನೀವು! ನನ್ನ ಕಾಲು ಹಿಡಕೊಂಡ್ರ ನನಗ ಪಾಪ ಹತ್ತತೈತ್ರೀ!" ಅಂತ ಹಿಂದಕ್ಕೆ ಎಳೆದುಕೊಂಡಳು. ನಾನು ಬಿಡಲಿಲ್ಲ. ತಿರುಗಿಸಿ ನೋಡಿದೆ. ಗಾಯ ಇಲ್ಲ, ಬರೀ ಮಣ್ಣು. ಜೀವ ಬಂದಂತಾಯಿತು. "ಇಲ್ಲಿ ಒತ್ತತೀನಿ, ಗೊತ್ತಾತಂದ್ರ ಹೇಳು" ಅಂದೆ. ಅವಳು ಒಂದು ಕೈ ಗೋಡೆಗೆ ಊರಿ, ಯಾರಾದರೂ ನೋಡುತ್ತಾರೋ ಅಂತ ನಾಚಿಕೆಯಿಂದ ಓಣಿಯ ಕಡೆ ಮುಖ ಮಾಡಿ ನಿಂತಿದ್ದಳು. ನಾನು ಹೆಬ್ಬೆರಳಿನ ಉಗುರನ್ನು ಅವಳ ಅಂಗಾಲಿನೊಳಗೆ ಇಳಿಯುವಂತೆ ಒತ್ತಿದೆ. ಇನ್ನೂ ಗಟ್ಟಿಯಾಗಿ ಒತ್ತಿದೆ. ಅವಳು ಓಣಿಯ ಕಡೆ ನೋಡುತ್ತಲೇ ನಕ್ಕಳು.

"ಒತ್ತರಿ ಮತ್ತ ಅಕ್ಕಾರ, ಯಾವಾಗ ಒತ್ತತೀರಿ?"